ಸೂಚಿಯೂ ಅನುಪಲಬ್ಧಿಯೂ

ಲೋಕವ್ಯವಹಾರದಲ್ಲಿ ‘ಇಲ್ಲ’ ಎಂಬ ಮಾತಿನಷ್ಟು ಸುಲಭವಾಗಿ ಬಾಯಿಗೆ ಬರುವ ಮಾತು ಮತ್ತೊಂದಿಲ್ಲ. ಅದರಷ್ಟು ಕಷ್ಟಪಟ್ಟು ಸಮರ್ಥಿಸಬೇಕಾದ ಮಾತೂ ಮತ್ತೊಂದಿಲ್ಲ. ‘ಇದೆ’ ಎನ್ನುವವನು ವಸ್ತುವನ್ನು ತಂದು ಮುಂದಿಟ್ಟರೆ ಅವನ ಕೆಲಸ ಮುಗಿಯಿತು. ‘ಇಲ್ಲ’ ಎನ್ನುವವನು ಏನನ್ನು ತಂದಿಟ್ಟಾನು? ಹುಡುಕಬೇಕಾದ ಕಡೆಯೆಲ್ಲ ತಾನು ಹುಡುಕಿದುದನ್ನೂ, ಹುಡುಕುವಾಗ ಕಣ್ಣೂ ದೀಪವೂ ಸರಿಯಾಗಿದ್ದುದನ್ನೂ ಅವನು ತೋರಿಸಿಕೊಡಬೇಕಾಗುತ್ತದೆ. ಹಿಂದೆ ಈ ಮಾತನ್ನು ಆಡುತ್ತಿದ್ದವನು ಮನುಷ್ಯ; ಕೇಳುವವನು ಅವನ ಮುಖವನ್ನು ನೋಡಿ, ‘ಸರಿಯಾಗಿ ನೋಡಿದಿರಾ?’ ಎಂದು ಮತ್ತೊಮ್ಮೆ ವಿಚಾರಿಸಬಹುದಾಗಿತ್ತು. ಈಗ ಗ್ರಂಥಗಳ, ಪತ್ರಗಳ, ದಾಖಲೆಗಳ ರಾಶಿಯನ್ನು ಶೋಧಿಸುವ ಕೆಲಸವು ಗಣಕಯಂತ್ರದ ಪಾಲಿಗೆ ಬಂದಿರುವುದರಿಂದ, ‘ಇಲ್ಲ’ ಎನ್ನುವ ಅಧಿಕಾರವೂ ಅದರ ಪಾಲಿಗೇ ಬಂದಿದೆ. ಅದು ಕ್ಷಣಮಾತ್ರದಲ್ಲಿ ಹೇಳುತ್ತದೆ, ಸಂಕೋಚವಿಲ್ಲದೆ ಹೇಳುತ್ತದೆ. ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದು, ಅದು ತಪ್ಪಾದರೆ ಹೊಣೆ ಯಾರದು ಎಂಬುದು ಪ್ರಾಜ್ಞರು ವಿಚಾರಮಾಡತಕ್ಕ ಪ್ರಶ್ನೆ.

ಪ್ರಶ್ನೆಯ ಮೂಲವು ಹೊಸದಲ್ಲ. ಇಲ್ಲದಿರುವಿಕೆಯನ್ನು ತಿಳಿಯುವ ಬಗೆ ಯಾವುದೆಂದು ಭಾರತೀಯ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದಾರೆ. ನೈಯಾಯಿಕರು ಅಭಾವವೂ ಪ್ರತ್ಯಕ್ಷದಿಂದಲೇ ಗೊತ್ತಾಗುವುದೆಂದರು. ಬೌದ್ಧನಾದ ಧರ್ಮಕೀರ್ತಿಯು ಅದನ್ನು ಅನುಮಾನದಲ್ಲಿ ಸೇರಿಸಿದನು. ಕುಮಾರಿಲಭಟ್ಟನ ಮತದ ಮೀಮಾಂಸಕರೂ ಅದ್ವೈತಿಗಳೂ ‘ಅನುಪಲಬ್ಧಿ’ ಎಂಬ ಬೇರೊಂದು ಪ್ರಮಾಣವನ್ನೇ ಒಪ್ಪಿ, ಪ್ರಮಾಣಗಳು ಆರು ಎಂದು ಎಣಿಸಿದರು. ಹೀಗೆ ಹೆಸರಿನ ವಿಷಯದಲ್ಲಿ ಭೇದವಿದ್ದರೂ ಒಂದು ನಿಬಂಧನೆಯ ವಿಷಯದಲ್ಲಿ ಇವರೆಲ್ಲರ ಮಾತು ಹತ್ತಿರ ಹತ್ತಿರ ಬರುತ್ತದೆ. ಕಾಣದಿರುವುದೆಲ್ಲ ಇಲ್ಲದಿರುವುದಾಗದು. ಹಗಲಿನ ಬೆಳಕಿನಲ್ಲಿ ಬರಿಯ ನೆಲವನ್ನು ನೋಡಿ, ‘ಇಲ್ಲಿ ಗಡಿಗೆಯಿದ್ದಿದ್ದರೆ ನೆಲವು ಕಂಡಂತೆ ಅದೂ ಕಾಣುತ್ತಿತ್ತು, ಕಾಣಲಿಲ್ಲ, ಆದಕಾರಣ ಇಲ್ಲ’ ಎಂದರೆ ಅದು ಸರಿಯಾದ ಜ್ಞಾನ. ಕತ್ತಲೆಯ ಕೋಣೆಯಲ್ಲಿ ನಿಂತು ಅದೇ ಮಾತನ್ನು ಆಡಿದರೆ ಅದು ಜ್ಞಾನವಲ್ಲ, ಬರಿಯ ದುಡುಕು. ಇದ್ದರೆ ಕಾಣತಕ್ಕ ಯೋಗ್ಯತೆಯುಳ್ಳ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧವಾಗುತ್ತದೆ. ಇದಕ್ಕೇ ‘ಯೋಗ್ಯಾನುಪಲಬ್ಧಿ’ ಎಂದು ಹೆಸರು. ಗಡಿಗೆಯನ್ನು ಕುರಿತು ಹೇಳಿದ ಈ ನಿಯಮವು ಗ್ರಂಥರಾಶಿಗೂ ಹಾಗೆಯೇ ಸಲ್ಲುತ್ತದೆ.

ಕೌಟಿಲ್ಯನ ಅರ್ಥಶಾಸ್ತ್ರದ ಕಥೆ ಕನ್ನಡಿಗರಿಗೆ ತಿಳಿದದ್ದೇ. ಇತರ ಗ್ರಂಥಕಾರರು ಎತ್ತಿ ಹೇಳಿದ ಮಾತುಗಳಿಂದ ಮಾತ್ರ ವಿದ್ವಾಂಸರಿಗೆ ಗೊತ್ತಿದ್ದ ಆ ಗ್ರಂಥವು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಬಂದ ತಾಳೆಯೋಲೆಗಳಲ್ಲಿ ಸಿಕ್ಕಿತು, ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದರು. ಅಲ್ಲಿಯವರೆಗೆ ‘ಆ ಗ್ರಂಥವಿಲ್ಲ’ ಎಂದವರ ಮಾತಿಗೆ ಅರ್ಥವಿದ್ದುದು ಇಷ್ಟೇ: ‘ಹುಡುಕಿದವರ ಕೈಗೆ ಸಿಕ್ಕಿಲ್ಲ.’ ಶಾಸ್ತ್ರಿಗಳ ಶ್ರಮ ಅಲ್ಲಿಗೆ ನಿಲ್ಲಲಿಲ್ಲ. ಗ್ರಂಥದ ಪದಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ಯಾವ ಪದ ಎಲ್ಲೆಲ್ಲಿ ಬಂದಿದೆಯೆಂದು ತೋರಿಸುವ ಪದಸೂಚಿಯನ್ನು ಮೂರು ಸಂಪುಟಗಳಲ್ಲಿ 1924–25ರಲ್ಲಿ ಹೊರತಂದರು. ಗ್ರಂಥವು ದೊರೆತರೆ ಸಾಲದು, ಗ್ರಂಥದೊಳಗಿನದೂ ದೊರೆಯಬೇಕು ಎಂಬುದು ಆ ದುಡಿಮೆಯ ತಾತ್ಪರ್ಯ.

ಇಂದಿನ ಸೂಚಿಯಂತ್ರಗಳು ಮಾಡುವುದೂ ಇದೇ ಕೆಲಸ. ಅವುಗಳಲ್ಲಿ ಸ್ವಿಷ್-ಇ ಎಂಬುದನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳಬಹುದು. 1990ರ ದಶಕದಲ್ಲಿ ಕೆವಿನ್ ಹ್ಯೂಸ್ ಎಂಬವರು ರಚಿಸಿದ ಸ್ವಿಷ್ ಎಂಬ ಸಾಧನವನ್ನು, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಗ್ರಂಥಾಲಯದವರು 1996ರಲ್ಲಿ ಅವರ ಅನುಮತಿಯನ್ನು ಪಡೆದು ತಿದ್ದಿ ಬೆಳೆಸಿದರು. ಅದಕ್ಕೆ ಥಳಕಿನ ಮುಖವಿಲ್ಲ. ಕಮಾಂಡ್ ಲೈನಿನಲ್ಲಿ ಒಂದು ಸಾಲಿನ ಅಪ್ಪಣೆಯನ್ನು ಬೆರಳಚ್ಚು ಮಾಡಿದರೆ ಕಡತಗಳನ್ನು ಒಂದೊಂದಾಗಿ ಓದಿ, ಪದಗಳನ್ನು ಬಿಡಿಸಿ, ಪ್ರತಿಯೊಂದು ಪದದ ಎದುರಿಗೂ ಅದು ಬಂದಿರುವ ಕಡತಗಳನ್ನೂ ಸ್ಥಾನಗಳನ್ನೂ ಬರೆದಿಡುತ್ತದೆ. ಆಮೇಲೆ ಯಾರಾದರೂ ಒಂದು ಪದವನ್ನು ಕೇಳಿದರೆ ಅದು ಕಡತಗಳ ಕಡೆಗೆ ತಿರುಗಿಯೂ ನೋಡುವುದಿಲ್ಲ. ತಾನು ಬರೆದಿಟ್ಟುಕೊಂಡ ಪಟ್ಟಿಯನ್ನು ಮಾತ್ರ ನೋಡಿ ಉತ್ತರ ಕೊಡುತ್ತದೆ. ಇಲ್ಲಿ ಎಚ್ಚರವಾಗಿ ಗಮನಿಸಬೇಕಾದ ಅಂಶವೊಂದುಂಟು. ‘ಇಲ್ಲ’ ಎಂದು ಯಂತ್ರವು ಹೇಳಿದಾಗ ಅದರ ಅರ್ಥ ‘ಗ್ರಂಥಗಳಲ್ಲಿಲ್ಲ’ ಎಂದಲ್ಲ, ‘ಪಟ್ಟಿಯಲ್ಲಿಲ್ಲ’ ಎಂದು. ಈ ಎರಡರ ನಡುವಣ ಅಂತರವನ್ನು ಅಳೆಯಬೇಕಾದರೆ ಪಟ್ಟಿಯನ್ನು ಕಟ್ಟಿದಾಗ ಪದಗಳು ಯಾವ ಯಾವ ಬಾಗಿಲುಗಳನ್ನು ದಾಟಿ ಬಂದುವೆಂಬುದನ್ನು ನೋಡಬೇಕು.

ಮೊದಲನೆಯ ಬಾಗಿಲು ಕಡತಗಳದು. ಯಾವ ಯಾವ ಕಪಾಟುಗಳನ್ನು, ಯಾವ ಜಾತಿಯ ಕಡತಗಳನ್ನು ಓದಬೇಕೆಂದು ಸಂಗ್ರಹದ ಪಾಲಕನು ಒಂದು ಚಿಕ್ಕ ಆಜ್ಞಾಪತ್ರದಲ್ಲಿ ಬರೆದಿಡುತ್ತಾನೆ. ಬರೆಯದಿದ್ದುದು ಯಂತ್ರದ ಪಾಲಿಗೆ ಹುಟ್ಟಿಯೇ ಇಲ್ಲ. ಎರಡನೆಯದು ಅಕ್ಷರಗಳದು. ಯಾವ ಚಿಹ್ನೆಗಳು ಸೇರಿದರೆ ಪದವಾಗುವುದೆಂಬುದನ್ನೂ ಆ ಪತ್ರವೇ ಗೊತ್ತುಮಾಡುತ್ತದೆ. ಸ್ವಿಷ್-ಇ ಹುಟ್ಟಿದುದು ಒಂದು ಬೈಟಿಗೆ ಒಂದು ಅಕ್ಷರವೆಂಬ ಲೆಕ್ಕದ ಮೇಲೆ. ಯೂನಿಕೋಡ್ ಬರಹವನ್ನು ಯುಟಿಎಫ್-8 ಕ್ರಮದಲ್ಲಿಟ್ಟರೆ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು ಬೇಕು. ಆದುದರಿಂದ ಆ ಸಾಧನದ ಎದುರಿಗೆ ಇಡೀ ಕನ್ನಡ ಸಾಹಿತ್ಯವನ್ನು ಇಟ್ಟರೂ ಅದು ಕತ್ತಲೆಯ ಕೋಣೆಯಲ್ಲಿ ನಿಂತವನಂತೆ ಇರಬೇಕಾಗಿತ್ತು. ಮೂರನೆಯದು ಪದಗಳದು. ಎಲ್ಲೆಲ್ಲಿಯೂ ಬರುವ ಪದಗಳಿಂದ ಹುಡುಕುವವನಿಗೆ ಪ್ರಯೋಜನವಿಲ್ಲವೆಂದು ಭಾವಿಸಿ ಅವುಗಳನ್ನು ಬಿಟ್ಟುಬಿಡುವ ಪದ್ಧತಿಯುಂಟು. ನೂರಕ್ಕೆ 80ರಷ್ಟಕ್ಕೂ ಮೀರಿದ ಕಡತಗಳಲ್ಲಿ, ಮತ್ತು 256ಕ್ಕೂ ಹೆಚ್ಚು ಕಡತಗಳಲ್ಲಿ ಕಂಡುಬಂದ ಪದವನ್ನು ಕೈಬಿಡು ಎಂದು ಅಪ್ಪಣೆಮಾಡಬಹುದು. ನಾಲ್ಕನೆಯ ಬಾಗಿಲು ಕಾಲದ್ದು. ನಿನ್ನೆ ಕಟ್ಟಿದ ಸೂಚಿಗೆ ಇಂದು ಸೇರಿದ ಕಾಗದ ಗೊತ್ತಿಲ್ಲ.

ಈ ಬಾಗಿಲುಗಳಲ್ಲಿ ಮೂರನೆಯದರ ಮೇಲೆ ಹೆಚ್ಚಾಗಿ ನಿಲ್ಲಬೇಕು. ಇಟಲಿಯ ಜೆಸ್ಯೂಟ್ ಪಾದ್ರಿ ರೊಬೆರ್ತೊ ಬೂಸ ಅವರು ತಾಮಸ್ ಅಕ್ವೈನಸನ ಗ್ರಂಥಗಳಲ್ಲಿ ‘ಸಾನ್ನಿಧ್ಯ’ವೆಂಬ ತತ್ತ್ವವನ್ನು ಕುರಿತು ಸಂಶೋಧನೆ ಮಾಡಹೊರಟಾಗ, ಸಾನ್ನಿಧ್ಯವಾಚಕವಾದ ಲ್ಯಾಟಿನ್ ಶಬ್ದಗಳಲ್ಲಿ ತಮಗೆ ಬೇಕಾದುದು ಸಿಕ್ಕಲಿಲ್ಲ. ಆ ಆಚಾರ್ಯನ ಅಭಿಪ್ರಾಯವೆಲ್ಲ ‘ಒಳಗೆ’ ಎಂಬ ಅರ್ಥದ ‘ಇನ್’ ಎಂಬ ಪುಟ್ಟ ಅವ್ಯಯದಲ್ಲಿ ಅಡಗಿತ್ತು. ಅವರು ಆ ಅವ್ಯಯವೂ ಅದರ ಸಂಬಂಧದ ಪದಗಳೂ ಬರುವ ವಾಕ್ಯಗಳನ್ನು 10,000 ಚೀಟಿಗಳಲ್ಲಿ ಕೈಯಿಂದಲೇ ಬರೆದುಕೊಂಡರು. ಆ ಬಳಲಿಕೆಯಿಂದಲೇ ಯಂತ್ರದ ನೆರವನ್ನು ಪಡೆಯುವ ಆಲೋಚನೆ ಹುಟ್ಟಿ, ಅವರು 1949ರಲ್ಲಿ ಐಬಿಎಮ್ ಸಂಸ್ಥೆಯ ಮುಖ್ಯಸ್ಥರಾದ ತಾಮಸ್ ವಾಟ್ಸನ್ನರನ್ನು ಕಂಡರು. 1970ರ ದಶಕದಲ್ಲಿ ಅಚ್ಚಾಗತೊಡಗಿದ ಅವರ ಪದಸೂಚಿ 56 ಸಂಪುಟಗಳಷ್ಟಾಯಿತು. ಯಾವ ಪದವನ್ನು ನಿಷ್ಪ್ರಯೋಜಕವೆಂದು ಯಂತ್ರಗಳು ಮೊದಲು ಹೊರಗೆ ಹಾಕುವುವೋ ಅಂಥ ಪದವೇ ಅವರ ಪಾಲಿಗೆ ತತ್ತ್ವದ ಕೀಲಿಕೈಯಾಗಿದ್ದಿತು. ಕನ್ನಡದಲ್ಲಿಯೂ ಹಾಗೆಯೇ. ‘ನಾನು’, ‘ಅದು’, ‘ಇಲ್ಲ’ ಎಂಬುವು ಎಲ್ಲ ಪುಟಗಳಲ್ಲಿಯೂ ಬರುವ ಮಾತುಗಳು. ಆದರೆ ವೇದಾಂತವಿಚಾರವೆಲ್ಲ ಈ ಮೂರು ಮಾತುಗಳ ಅರ್ಥವನ್ನು ಹುಡುಕುವುದೇ ಅಲ್ಲವೆ?

ಇನ್ನು ಯೂನಿಕೋಡನ್ನು ಓದಬಲ್ಲ ಹೊಸ ಸಾಧನಗಳು ಬಂದಿವೆಯಾದ್ದರಿಂದ ಕನ್ನಡಕ್ಕೆ ಭಯವಿಲ್ಲವೆಂದು ಹೇಳುವಂತಿಲ್ಲ. ‘ಮನೆ’ ಎಂದು ಕೇಳಿದವನಿಗೆ ‘ಮನೆಯಲ್ಲಿ’, ‘ಮನೆಯಿಂದ’ ಎಂಬ ರೂಪಗಳನ್ನು ಕೊಡುವುದು ಅಷ್ಟೇನೂ ಕಷ್ಟವಲ್ಲ. ಪದದ ಮೊದಲ ಭಾಗ ಅಲ್ಲಿ ಕೆಡದೆ ಉಳಿದಿದೆ. ಆದರೆ ‘ಕಾಲ’ ಎಂದು ಕೇಳಿದವನಿಗೆ ‘ಮಳೆಗಾಲ’ ಸಿಕ್ಕುವುದು ಹೇಗೆ? ಸಂಧಿಯು ಪದದ ಮುಖವನ್ನೇ ಬದಲಾಯಿಸಿದೆ. ‘ಮಳೆ’ ಎಂದು ಕೇಳಿದವನಿಗೆ ಹಳಗನ್ನಡದ ‘ಮೞೆ’ ಸಿಕ್ಕದು. ಹಳೆಯ ಪುಸ್ತಕದ ಪುಟಗಳನ್ನು ಚಿತ್ರ ತೆಗೆದು ಇಟ್ಟಿದ್ದು, ಅಕ್ಷರಗಳನ್ನು ಮತ್ತೆ ಬರಹಕ್ಕಿಳಿಸದಿದ್ದರಂತೂ ಅವು ಯಂತ್ರಕ್ಕೆ ಬರಿಯ ಬಿಳಿಕಪ್ಪು ಚುಕ್ಕೆಗಳು.

ಇದರಿಂದ ಆಗುವ ಕೇಡು ಎಂಥದೆಂಬುದಕ್ಕೆ ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಜಿಲ್ಲೆಯ ಒಂದು ಸಂಘವು ತನ್ನ ಐವತ್ತು ವರ್ಷದ ಸಂಚಿಕೆಗಳನ್ನು ಯಂತ್ರಕ್ಕೆ ಒಪ್ಪಿಸಿದೆ. ಅವುಗಳಲ್ಲಿ ನಡುವಣ ಹತ್ತು ವರ್ಷದವು ಚಿತ್ರರೂಪದಲ್ಲಿ ಮಾತ್ರ ಇವೆ. ವಿದ್ಯಾರ್ಥಿಯೊಬ್ಬನು ಲೇಖಕಿಯರ ಹೆಸರುಗಳನ್ನು ಹುಡುಕುತ್ತಾನೆ. ಆ ಹತ್ತು ವರ್ಷಗಳಲ್ಲಿ ಒಂದು ಹೆಸರೂ ಬರುವುದಿಲ್ಲ. ‘ಈ ಅವಧಿಯಲ್ಲಿ ಸ್ತ್ರೀಯರು ಬರೆಯಲಿಲ್ಲ’ ಎಂದು ತನ್ನ ಪ್ರಬಂಧದಲ್ಲಿ ಬರೆಯುತ್ತಾನೆ. ಅವನ ಮಾತನ್ನು ಮತ್ತೊಬ್ಬರು ಎತ್ತಿ ಹೇಳುತ್ತಾರೆ, ಅದು ಚರಿತ್ರೆಯಾಗುತ್ತದೆ. ಅವರು ಬರೆದಿದ್ದರು, ಬರೆದುದು ಅಚ್ಚಾಗಿತ್ತು, ಅಚ್ಚಾದುದು ಕಪಾಟಿನಲ್ಲಿಯೇ ಇದೆ. ಬೆಂಕಿಯೂ ಗೆದ್ದಲೂ ಮಾಡದಿದ್ದುದನ್ನು ಒಂದು ಪಟ್ಟಿಯ ಮೌನವು ಮಾಡಿತು. ಇಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಆದರೂ ಅನ್ಯಾಯ ನಡೆದಿದೆ.

ಹಾಗಾದರೆ ಏನನ್ನೂ ಬಿಡದ ಸೂಚಿಯನ್ನು ಕಟ್ಟಬೇಕೆಂದು ಹೇಳಬಹುದೆ? ಅದು ಸಾಧ್ಯವೂ ಅಲ್ಲ, ಯಾವಾಗಲೂ ಯುಕ್ತವೂ ಅಲ್ಲ. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಎಸ್. ಆರ್. ರಂಗನಾಥನ್ನರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ, ಓದುವವನ ಕಾಲವನ್ನು ಉಳಿಸಬೇಕೆಂಬುದೂ ಒಂದು. ಒಂದು ಪದಕ್ಕೆ ಹತ್ತು ಸಾವಿರ ಉತ್ತರಗಳನ್ನು ಸುರಿಯುವ ಸೂಚಿಯು ಹುಡುಕುವವನಿಗೆ ಉಪಕಾರಮಾಡಿದಂತಾಗದು. ಬಿಡುವುದೂ ಒಂದು ಸೇವೆಯೇ. ಮತ್ತೆ, ಯಾರದೋ ಮನೆಯ ಕಷ್ಟಸುಖದ ಪತ್ರಗಳನ್ನು ಕಂಡವರೆಲ್ಲ ಓದುವಂತೆ ಮಾಡಬಾರದೆಂಬ ಮರ್ಯಾದೆಯೂ ಉಂಟು. ಆದಕಾರಣ ದೋಷವಿರುವುದು ಬಿಡುವುದರಲ್ಲಿ ಅಲ್ಲ, ಬಿಟ್ಟುದನ್ನು ಹೇಳದಿರುವುದರಲ್ಲಿ. ‘ಇದೆ, ಆದರೆ ತೋರಿಸಲಾಗದು’ ಎಂಬುದು ಸತ್ಯವಾದ ಉತ್ತರ. ‘ಈ ಭಾಗವನ್ನು ಇನ್ನೂ ಓದಿಸಿಲ್ಲ’ ಎಂಬುದೂ ಸತ್ಯವಾದ ಉತ್ತರ. ಎರಡಕ್ಕೂ ಬದಲಾಗಿ ‘ಇಲ್ಲ’ ಎಂದುಬಿಡುವುದು ಸತ್ಯದ ವೇಷ ಹಾಕಿಕೊಂಡ ಅಜ್ಞಾನ.

ಎಚ್ಚರವು ಹುಡುಕುವವನ ಕರ್ತವ್ಯ, ಪಾಲಕನ ತಲೆಗೆ ಈ ಭಾರವನ್ನು ಕಟ್ಟುವುದೇಕೆ ಎಂದು ಕೆಲವರು ಕೇಳಿಯಾರು. ಹುಡುಕುವವನಿಗೂ ಕರ್ತವ್ಯವುಂಟು, ನಿಜ. ಸಂಗ್ರಹದಲ್ಲಿ ಇದೆಯೆಂದು ತಾನು ಕಣ್ಣಾರೆ ಕಂಡ ಮಾತೊಂದನ್ನು ಮೊದಲು ಕೇಳಿ ನೋಡುವುದು ಅವನಿಗೆ ಸುಲಭ. ಅದೇ ಸಿಕ್ಕದಿದ್ದರೆ ಮಿಕ್ಕ ‘ಇಲ್ಲ’ಗಳನ್ನು ಅವನು ನಂಬಬೇಕಾಗಿಲ್ಲ. ದೀಪ ಉರಿಯುತ್ತಿದೆಯೇ ಎಂಬ ಪರೀಕ್ಷೆ ಇದು. ಆದರೆ ಬಾಗಿಲುಗಳನ್ನು ಇಟ್ಟವನು ಪಾಲಕ; ಅವು ಎಲ್ಲಿವೆಯೆಂದು ಬಲ್ಲವನು ಅವನೊಬ್ಬನೇ. ಯಾರಿಗೆ ಗೊತ್ತಿದೆಯೋ ಅವರು ಹೇಳಬೇಕು. ಗೊತ್ತಿಲ್ಲದವನು ಊಹಿಸಿಕೊಳ್ಳಲಿ ಎನ್ನುವುದು ಧರ್ಮವಲ್ಲ. ಯಾವ ಕಡತಗಳು ಹೊರಗುಳಿದಿವೆ, ಯಾವ ಪದಗಳನ್ನು ಕೈಬಿಟ್ಟಿದೆ, ಸೂಚಿಯನ್ನು ಎಂದು ಕಟ್ಟಿತು ಎಂಬ ಮೂರು ಸಂಗತಿಗಳನ್ನು ಒಂದು ಪುಟದಲ್ಲಿ ಬರೆದು ಸೂಚಿಯ ಬಾಗಿಲಲ್ಲಿ ತೂಗುಹಾಕುವುದಕ್ಕೆ ಒಂದು ಗಳಿಗೆಯ ಶ್ರಮ ಸಾಕು.

ಶಾಮಶಾಸ್ತ್ರಿಗಳ ಪದಸೂಚಿಯನ್ನು ಕೈಯಲ್ಲಿ ಹಿಡಿದವನಿಗೆ ಅದರ ಹಿಂದೆ ಯಾವ ಮುದ್ರಿತ ಗ್ರಂಥವಿದೆ ಎಂಬುದು ತಿಳಿಯುತ್ತಿತ್ತು. ಸಂದೇಹ ಬಂದರೆ ಗ್ರಂಥವನ್ನು ತೆರೆದು ಸಾಲನ್ನು ನೋಡಬಹುದಾಗಿತ್ತು. ಯಂತ್ರದ ಸೂಚಿಗೂ ಅಂಥದೇ ಒಂದು ಮುಖಪತ್ರ ಬೇಕು. ಕಂಡುದನ್ನು ಕಂಡಂತೆ ಹೇಳುವುದು ಸತ್ಯವೆಂದು ಎಲ್ಲರೂ ಬಲ್ಲರು. ಕಾಣದುದನ್ನು ಹೇಳುವಾಗ, ಎಲ್ಲಿ ನಿಂತು ಯಾವ ಬೆಳಕಿನಲ್ಲಿ ನೋಡಿದ್ದಾಯಿತೆಂಬುದನ್ನು ಜೊತೆಗೆ ಹೇಳುವುದೂ ಸತ್ಯದ ಭಾಗವೇ.