ಗುಣವಾಯಿತೆಂಬ ಮಾತಿನ ಹೊಣೆ

ಕನ್ನಡದಲ್ಲಿ ಗುಣವೆಂಬ ಶಬ್ದಕ್ಕೆ ಮೂರು ಮನೆಗಳುಂಟು. ನೀತಿಯ ಪಾಠದಲ್ಲಿ ಅದು ಸದ್ಗುಣ. ಗಣಿತದ ಪಾಠದಲ್ಲಿ ಗುಣಾಕಾರ. ರೋಗಿಯ ಹಾಸಿಗೆಯ ಬಳಿಯಲ್ಲಿ ಮಾತ್ರ ವಾಸಿಯಾಗುವುದೆಂಬ ಅರ್ಥವನ್ನು ತಾಳುತ್ತದೆ. ‘ನಿಮಗೆ ಗುಣವಾಯಿತು’ ಎಂದು ವೈದ್ಯರು ನುಡಿದಾಗ ಕೇಳಿದವನು ಅದನ್ನು ತೀರ್ಪೆಂದೇ ಗ್ರಹಿಸುತ್ತಾನೆ. ಮೊಕದ್ದಮೆ ಮುಗಿಯಿತು, ಇನ್ನು ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಗಿಲ್ಲ. ಇಂಥ ಮಾತು ಪೂರ್ತಿ ನಿಜವಾಗಿದ್ದೂ ಕೇಳಿದವನನ್ನು ಹಾದಿ ತಪ್ಪಿಸಬಹುದೆ? ತಪ್ಪಿಸಬಹುದಾದ ಒಂದು ಸಂದರ್ಭವನ್ನು ನಮ್ಮ ಕಾಲದ ವೈದ್ಯಶಾಸ್ತ್ರವೇ ಒದಗಿಸಿದೆ. ಹೆಪಟೈಟಿಸ್ ಸಿ ಎಂಬ ಸೋಂಕಿನಿಂದ ಬಿಡುಗಡೆ ಹೊಂದಿದವರಲ್ಲಿ ಕೆಲವರಿಗೆ, ಬಿಡುಗಡೆಯಾಗಿ ವರ್ಷಗಳು ಕಳೆದ ಮೇಲೆ, ಯಕೃತ್ತಿನ ಕ್ಯಾನ್ಸರ್ ತಲೆದೋರುತ್ತದೆ. ಪಾಠಪುಸ್ತಕದ ಪಿತ್ತಜನಕಾಂಗವೂ ಆಡುಮಾತಿನ ಲಿವರೂ ಈ ಯಕೃತ್ತೇ. ಯಾರಿಗೆ ಆ ಅಪಾಯ ಹೆಚ್ಚು, ಯಾರಿಗೆ ಕಡಿಮೆ ಎಂದು ಅಳೆಯುವುದು ವೈದ್ಯರ ಕೆಲಸ. ಅಳೆದುದನ್ನು ಯಾರಿಗೆ, ಎಷ್ಟು, ಯಾವ ಭಾಷೆಯಲ್ಲಿ ತಿಳಿಸಬೇಕೆಂಬುದು ಧರ್ಮದ ಪ್ರಶ್ನೆ. ಅದರಲ್ಲಿ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಪಾಲುಂಟೆಂದು ನನ್ನ ನಂಬಿಕೆ.

ಮೊದಲು ಸಂತೋಷದ ಸಂಗತಿ. ಈ ವೈರಸ್ಸು ಪತ್ತೆಯಾದದ್ದು 1989ರಲ್ಲಿ. ಅದಕ್ಕೆ ಸಂಬಂಧಿಸಿದ ಶೋಧಗಳಿಗಾಗಿ ಹಾರ್ವೆ ಆಲ್ಟರ್, ಮೈಕೇಲ್ ಹೌಟನ್, ಚಾರ್ಲ್ಸ್ ರೈಸ್ ಎಂಬ ಮೂವರಿಗೆ 2020ರ ನೊಬೆಲ್ ಪಾರಿತೋಷಕ ಸಂದಿತು. ಪರೀಕ್ಷಿಸದೆ ಕೊಟ್ಟ ರಕ್ತ, ಒಬ್ಬರಿಗೆ ಚುಚ್ಚಿ ಮತ್ತೊಬ್ಬರಿಗೂ ಚುಚ್ಚಿದ ಸೂಜಿ, ಇವೇ ಅದರ ಮುಖ್ಯ ವಾಹನಗಳು. ರೋಗಿಯ ನಡತೆಯನ್ನು ಶಂಕಿಸುವವರು ಇದನ್ನು ನೆನೆಯುವುದು ಒಳ್ಳೆಯದು. ಬಹುಕಾಲ ದೊರೆಯುತ್ತಿದ್ದ ಇಂಟರ್‌ಫೆರಾನ್ ಚುಚ್ಚುಮದ್ದು ರೋಗಿಯನ್ನು ಹಣ್ಣುಮಾಡುತ್ತಿತ್ತು. ಅಷ್ಟಾದರೂ ಎಷ್ಟೋ ಮಂದಿಯಲ್ಲಿ ಫಲಿಸುತ್ತಿರಲಿಲ್ಲ. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೊಫೊಸ್ಬುವಿರ್ ಎಂಬ ಗುಳಿಗೆಗೆ ಅನುಮತಿ ದೊರೆಯಿತು. 2015ರಲ್ಲಿ ಭಾರತದ ಕಂಪನಿಗಳು ಅದನ್ನು ಅಗ್ಗವಾಗಿ ತಯಾರಿಸಿ ಮಾರತೊಡಗಿದವು. 2018ರ ಜುಲೈ 28ರಂದು ಕೇಂದ್ರ ಸರಕಾರವು ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿ ಈ ಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡು ಮಾಡಿತು. ಸಾಮಾನ್ಯವಾಗಿ 12 ವಾರ ಗುಳಿಗೆ. ನಿಲ್ಲಿಸಿದ 12 ವಾರಗಳ ಮೇಲೆ ರಕ್ತಪರೀಕ್ಷೆ. ನೂರರಲ್ಲಿ 95ಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಆಗ ವೈರಸ್ಸಿನ ಸುಳಿವಿರುವುದಿಲ್ಲ. ಗುಣವಾಯಿತೆಂಬ ಮಾತು ಹುಟ್ಟುವುದು ಆ ದಿನ.

ಸಾಲ, ಬೆಂಕಿ, ಹಗೆ ಇವುಗಳ ಶೇಷವನ್ನು ಉಳಿಸಬಾರದೆಂದು ಹಿರಿಯರು ಹೇಳುತ್ತಾರೆ. ಇಲ್ಲಿಯ ವಿಚಿತ್ರವೆಂದರೆ ಹಗೆಯ ಶೇಷವೇ ಉಳಿಯುವುದಿಲ್ಲ. ಹೆಪಟೈಟಿಸ್ ಬಿ ವೈರಸ್ಸಿನಂತೆ ಇದು ಜೀವಕೋಶದ ವಂಶವಾಹಿಯೊಳಗೆ ಸೇರಿಕೊಳ್ಳುವುದಿಲ್ಲ, ಹೋದರೆ ಹೋಯಿತು. ಉಳಿಯುವುದು ಅದು 20-30 ವರ್ಷ ತುಳಿದಾಡಿದ ನೆಲ. ಸದ್ದಿಲ್ಲದೆ ನಡೆದ ಉರಿಯೂತದಿಂದ ಯಕೃತ್ತು ಅಲ್ಲಲ್ಲಿ ಕಲೆಗಟ್ಟಿ, ನಾರುನಾರಾಗಿ, ಕೊನೆಗೆ ಗಂಟುಗಂಟಾಗಿ ಗಡುಸಾಗುತ್ತದೆ. ಈ ಕೊನೆಯ ಸ್ಥಿತಿಗೆ ಸಿರೋಸಿಸ್ ಎಂದು ಹೆಸರು. ವೈರಸ್ಸು ಹೋದ ಮೇಲೆ ಕೆಲವರಲ್ಲಿ ಕಲೆಗಳು ವರ್ಷಗಳ ಮೇಲೆ ಒಂದಿಷ್ಟು ಕರಗುವುದುಂಟು. ಎಲ್ಲರಲ್ಲಿ, ಪೂರ್ತಿಯಾಗಿ ಕರಗುವುದಿಲ್ಲ. ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಆ ಗಡುಸುನೆಲದಲ್ಲಿ.

ಎಷ್ಟು ಮಂದಿಗೆ? ಅಮೆರಿಕದ ಮಾಜಿ ಸೈನಿಕರಲ್ಲಿ ಈ ಮದ್ದು ತೆಗೆದುಕೊಂಡ ಸುಮಾರು 22,500 ಮಂದಿಯ ಲೆಕ್ಕವೊಂದು 2017ರಲ್ಲಿ ಪ್ರಕಟವಾಯಿತು. ವೈರಸ್ಸು ಹೋಗದವರಲ್ಲಿ ವರ್ಷಕ್ಕೆ ನೂರಕ್ಕೆ 3.45ರಂತೆ ಕ್ಯಾನ್ಸರ್ ಕಂಡಿತು, ಹೋದವರಲ್ಲಿ 0.90ರಂತೆ. ಮದ್ದಿನ ಉಪಕಾರ ಸ್ಪಷ್ಟವಾಗಿದೆ. ಆದರೆ ಹೋದವರೊಳಗೇ ಸಿರೋಸಿಸ್ ಇದ್ದವರನ್ನು ಬೇರ್ಪಡಿಸಿದರೆ ಪ್ರಮಾಣ 1.82ಕ್ಕೆ ಏರಿತು. ಅಂದರೆ ಗುಣವಾದವರೆಂಬ ಒಂದೇ ಹೆಸರಿನ ಕೆಳಗೆ ಬೇರೆಬೇರೆ ಭವಿಷ್ಯದ ಜನರು ನಿಂತಿದ್ದಾರೆ. ಆ ಸೈನಿಕರ ಅಂಕಿಗಳನ್ನು ಹಾಗೆಯೇ ಮಡಕಶಿರದ ಕೂಲಿಯವಳಿಗೆ ಅನ್ವಯಿಸಲಾಗದು, ನಿಜ. ದಿಕ್ಕನ್ನು ಮಾತ್ರ ಅವು ಸರಿಯಾಗಿ ತೋರಿಸುತ್ತವೆ.

ಇಂಥ ಅಂಕಿಯು ಸಮೂಹದ ಲೆಕ್ಕವಾದುದರಿಂದ ಒಬ್ಬ ಮನುಷ್ಯನಿಗೆ ಏನನ್ನೂ ಹೇಳುವುದಿಲ್ಲವೆಂದು ವಾದಿಸುವವರುಂಟು. ಅವನಿಗೆ ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಇಲ್ಲ, 1.82ರಷ್ಟು ಕ್ಯಾನ್ಸರ್ ಯಾರಿಗೂ ಬರುವುದಿಲ್ಲ. ಈ ವಾದಕ್ಕೆ ಉಪಾಧ್ಯಾಯರು ಸುಲಭವಾಗಿ ಉತ್ತರ ಕೊಡಬಲ್ಲರು. ಹತ್ತನೆಯ ತರಗತಿಯ ಐವತ್ತು ಮಕ್ಕಳಲ್ಲಿ ನಾಲ್ವರು ತೇರ್ಗಡೆಯಾಗಲಾರರೆಂದು ಅನುಭವದಿಂದ ಬಲ್ಲ ಮೇಷ್ಟರು, ಯಾರು ಆ ನಾಲ್ವರೆಂದು ತಿಳಿಯದೆ ಇರುವುದರಿಂದಲೇ, ಸೋಲುವ ಲಕ್ಷಣವಿರುವ ಹತ್ತು ಮಂದಿಯನ್ನು ಸಂಜೆ ಕೂರಿಸಿಕೊಂಡು ಪಾಠ ಹೇಳುತ್ತಾರೆ. ಹತ್ತರಲ್ಲಿ ಆರು ಮಂದಿಗೆ ಆ ಪಾಠ ಬೇಕಾಗಿರಲಿಲ್ಲವೆಂದು ಮುಂದೆ ತಿಳಿಯಬಹುದು. ಅದರಿಂದ ಸಂಜೆಯ ಪಾಠ ವ್ಯರ್ಥವಾಗುವುದೆ?

ಆದರೆ ಆ ಹತ್ತು ಮಂದಿಯನ್ನು ಆರಿಸುವ ಗೆರೆಯನ್ನು ಎಲ್ಲಿ ಎಳೆಯಬೇಕು? ಯಕೃತ್ತಿನ ಕಲೆಯನ್ನು ಸೊನ್ನೆಯಿಂದ ನಾಲ್ಕರವರೆಗೆ ಮೆಟ್ಟಿಲುಗಳಾಗಿ ವಿಂಗಡಿಸುತ್ತಾರೆ, ನಾಲ್ಕೆಂದರೆ ಸಿರೋಸಿಸ್. ನಾಲ್ಕನೆಯದಲ್ಲಿ ಇರುವವರು ಗುಣವಾದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕೆಂಬಲ್ಲಿ ತಜ್ಞರಿಗೆ ಒಮ್ಮತವಿದೆ. ಮೂರನೆಯದಲ್ಲಿ ಇರುವವರ ವಿಷಯದಲ್ಲಿ ಯೂರೋಪಿನ ಸಂಘ ಬೇಕೆನ್ನುತ್ತದೆ, ಅಮೆರಿಕದ ಸಂಘ ಸಿರೋಸಿಸ್‌ಗೆ ನಿಲ್ಲಿಸುತ್ತದೆ. ಗೆರೆಯೆಂದರೇನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಹಂಚಿದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದ ಪಾಲಿಗೆ ಬಂದವು. 2022ರಲ್ಲಿ ಮಡಕಶಿರವು ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆ ಆಡಳಿತಕ್ಕೆ ಬೇಕು. ಗೆರೆಯ ಎರಡು ಬದಿಯ ಮನೆಗಳಲ್ಲಿ ಮಾತ್ರ ಅದೇ ಮಾತು, ಅದೇ ಮುದ್ದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಇರುವುದು ಅಂಥದೇ ಗೆರೆ.

ಇಲ್ಲಿ ಒಂದು ಸೂಕ್ಷ್ಮವುಂಟು. ವಿದ್ಯಾರ್ಥಿಗಳು ಲೆಕ್ಕ ಮಾಡಿಯೇ ನೋಡಬಹುದು. ಕಲೆಯನ್ನು ಅಂದಾಜು ಮಾಡಲು ಒಂದು ಸುಲಭ ಸೂತ್ರವಿದೆ. ಅದಕ್ಕೆ ಫಿಬ್-4 ಎಂದು ಹೆಸರು. ವಯಸ್ಸನ್ನು ಎಎಸ್‌ಟಿ ಎಂಬ ರಕ್ತದ ಅಂಶದಿಂದ ಗುಣಿಸಬೇಕು. ಬಂದುದನ್ನು, ಸಾವಿರಗಳಲ್ಲಿ ಬರೆದ ಪ್ಲೇಟ್‌ಲೆಟ್ ಸಂಖ್ಯೆಗೂ ಎಎಲ್‌ಟಿ ಎಂಬ ಇನ್ನೊಂದು ಅಂಶದ ವರ್ಗಮೂಲಕ್ಕೂ ಬಂದ ಗುಣಲಬ್ಧದಿಂದ ಭಾಗಿಸಬೇಕು. 3.25 ದಾಟಿದರೆ ಕಲೆ ಬಹಳವೆಂದೂ 1.45ಕ್ಕಿಂತ ಕೆಳಗಿದ್ದರೆ ಕಡಿಮೆಯೆಂದೂ ಶಂಕಿಸುತ್ತಾರೆ. ಉದಾಹರಣೆಗೆ ವಯಸ್ಸು 58, ಎಎಸ್‌ಟಿ 80, ಎಎಲ್‌ಟಿ 64, ಪ್ಲೇಟ್‌ಲೆಟ್ ಒಂದು ಲಕ್ಷ ಎಂದು ಕಲ್ಪಿಸೋಣ. ಉತ್ತರ 5.8. ಮದ್ದಾದ ಮೇಲೆ ಉರಿಯೂತ ಇಳಿದು, ಎಎಸ್‌ಟಿ 30ಕ್ಕೂ ಎಎಲ್‌ಟಿ 25ಕ್ಕೂ ಬಂದು, ಪ್ಲೇಟ್‌ಲೆಟ್ 1,20,000ಕ್ಕೆ ಏರಿತೆನ್ನೋಣ. ಈಗ ಉತ್ತರ 2.9. ಕೆಲವೇ ತಿಂಗಳಲ್ಲಿ ಆ ಮನುಷ್ಯ ಗೆರೆಯ ಈಚೆಗೆ ಬಂದ. ಅವನ ಯಕೃತ್ತಿನ ಕಲೆ ಅಷ್ಟು ವೇಗವಾಗಿ ಹೊರಟುಹೋಯಿತೆ? ಇಲ್ಲ, ಉರಿ ಆರಿತು, ಅಷ್ಟೆ. ಯಕೃತ್ತಿನ ಗಡಸನ್ನು ಹೊರಗಿನಿಂದ ಅಳೆಯುವ ಯಂತ್ರದಲ್ಲಿಯೂ ಇದೇ ಇಳಿತ ಕಾಣುತ್ತದೆ. ಆದುದರಿಂದ ಮದ್ದು ಆರಂಭಿಸುವ ಮೊದಲಿನ ಅಳತೆಯೇ ಮುಖ್ಯ ಸಾಕ್ಷಿ. ಗುಣವಾದ ಸಂಭ್ರಮದಲ್ಲಿ ಹಳೆಯ ಕಾಗದಗಳನ್ನು ಹರಿದೆಸೆಯುವವನು ತನಗೆ ಬೇಕಾದ ಸಾಕ್ಷಿಯನ್ನೇ ಹರಿಯುತ್ತಾನೆ.

ಹೀಗಿರುವಾಗ ವೈದ್ಯರು ದಯೆಯಿಂದ ಮೌನವಾಗಿರಬಹುದೆ? ‘ಇಷ್ಟು ಕಷ್ಟಪಟ್ಟು ವಾಸಿಯಾಗಿದ್ದಾನೆ, ಕ್ಯಾನ್ಸರಿನ ಹೆಸರೆತ್ತಿ ಅವನ ನಿದ್ದೆ ಕೆಡಿಸಲೇಕೆ’ ಎಂಬ ಮಾತಿನಲ್ಲಿ ಕನಿಕರವಿದೆ. ಆದರೆ ಆ ಕನಿಕರವು ಕೇಳುವವನನ್ನು ಮಗುವೆಂದು ಎಣಿಸಿದೆ. ಆ ಶರೀರ ಅವನದು. ಅದರ ಸುದ್ದಿಯೂ ಅವನದೇ. ಸಣ್ಣ ಗೆಡ್ಡೆಯಾಗಿರುವಾಗ ಕಂಡರೆ ಚಿಕಿತ್ಸೆಗೆ ದಾರಿಯಿದೆ, ನೋವು ಬಂದ ಮೇಲೆ ಕಂಡರೆ ಬಹುಮಟ್ಟಿಗೆ ಇಲ್ಲ ಎಂಬಲ್ಲಿ ಮೌನವು ಕನಿಕರವಾಗಿ ಉಳಿಯುವುದಿಲ್ಲ. ಇದಕ್ಕೆ ಎದುರಾದ ಅನ್ಯಾಯವೂ ಉಂಟು. ಕಲೆ ಅತ್ಯಲ್ಪವಾಗಿದ್ದವರನ್ನೂ ಕ್ಯಾನ್ಸರಿನ ಹೆಸರಿನಿಂದ ಬೆದರಿಸಿ ಜೀವಮಾನವೆಲ್ಲ ಸ್ಕ್ಯಾನಿಂಗಿಗೆ ಅಲೆಸುವುದು ಅವರಿಗೆ ದೊರೆತ ಆರೋಗ್ಯವನ್ನು ಮರಳಿ ಕಸಿದುಕೊಂಡಂತೆ. ಅಳೆಯದೆ ಎಲ್ಲರಿಗೂ ಧೈರ್ಯ ಹೇಳುವುದು, ಅಳೆಯದೆ ಎಲ್ಲರಿಗೂ ಭಯ ಹೇಳುವುದು, ಎರಡೂ ಒಂದೇ ಸೋಮಾರಿತನದ ಮಕ್ಕಳು.

ಅಳೆದು ಹೇಳಿದರೂ ಕೇಳಿದವನ ಕೈಯಲ್ಲಿ ಏನಿದೆ? ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವನು ಸ್ಕ್ಯಾನಿಂಗಿಗೆ ಹೋದ ದಿನದ ಕೂಲಿಯನ್ನು ಬಿಡಬೇಕು, ಬಸ್ಸಿನ ಖರ್ಚನ್ನು ಕಾಣಬೇಕು. ಅವನಿಗೆ ಅನಂತಪುರಕ್ಕಿಂತ ಬಳ್ಳಾರಿ ಹತ್ತಿರ. ಆದರೆ ಬಳ್ಳಾರಿ ಬೇರೆ ರಾಜ್ಯ, ಅಲ್ಲಿಯ ಆಸ್ಪತ್ರೆಗೆ ಅವನ ಹಳೆಯ ಕಡತ ತಾನಾಗಿ ನಡೆದು ಬರುವುದಿಲ್ಲ. ವರ್ಷಕ್ಕೆ ಎರಡು ಸಲ, ಏನೂ ನೋವಿಲ್ಲದಿರುವಾಗ ಹೋಗಬೇಕೆಂದು ಅವನಿಗೆ ವಿಧಿಸಿ, ಹೋಗದಿದ್ದರೆ ಅಜ್ಞಾನಿಯೆನ್ನುವುದು ನ್ಯಾಯವಲ್ಲ. ಮದ್ದನ್ನು ಉಚಿತವಾಗಿ ಕೊಟ್ಟ ಕೈಯೇ ಆಮೇಲಿನ ನೋಟವನ್ನೂ ಅವನ ಊರಿನ ಹತ್ತಿರಕ್ಕೆ ತರಬೇಕು.

ಅವನ ಕೈಯಲ್ಲಿ ಇರುವುದೂ ಕೆಲವುಂಟು. ಹೆಂಡ ಬಿಡುವುದು, ಸಕ್ಕರೆ ರೋಗವನ್ನು ಹಿಡಿತದಲ್ಲಿಡುವುದು, ಮೈ ಬೆಳೆಯದಂತೆ ನೋಡಿಕೊಳ್ಳುವುದು. ಶೇಂಗಾ ಬೆಳೆಗೆ ಹೆಸರಾದ ನಮ್ಮ ಸೀಮೆಗೆ ಇನ್ನೊಂದನ್ನು ಸೇರಿಸಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ ಅವುಗಳ ಮೇವಿನ ಶೇಂಗಾ ಹಿಂಡಿಯಲ್ಲಿ ಬೂಷ್ಟಿನ ವಿಷವೊಂದು ಸಿಕ್ಕಿತು, ಅದೇ ಅಫ್ಲಾಟಾಕ್ಸಿನ್. ಅದು ಮನುಷ್ಯನ ಯಕೃತ್ತಿಗೂ ಕ್ಯಾನ್ಸರ್‌ಕಾರಕ. ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಕಾಯನ್ನು ಮಾರಿ ಮುಗ್ಗಿದ್ದನ್ನು ಮನೆಯ ಚಟ್ನಿಗೆ ಇಟ್ಟುಕೊಳ್ಳುವ ಉಳಿತಾಯ ಕಲೆಬಿದ್ದ ಯಕೃತ್ತಿಗೆ ತಕ್ಕುದಲ್ಲ.

ಇನ್ನು ಭಾಷೆಯ ಮಾತು. ಪ್ರಯೋಗಾಲಯದ ವರದಿ ಇಂಗ್ಲಿಷಿನಲ್ಲಿ ಬರುತ್ತದೆ. ಸುತ್ತಲಿನ ಫಲಕಗಳು ತೆಲುಗಿನವು. ಮನೆಯ ಮಾತು ಕನ್ನಡ. ಮೂರರ ನಡುವೆ ಗುಣವಾಯಿತೆಂಬ ಒಂದೇ ಪದ ಮನೆಯವರೆಗೆ ಬಂದು ಮುಟ್ಟಿ, ಉಳಿದುದೆಲ್ಲ ದಾರಿಯಲ್ಲಿ ಉದುರುತ್ತದೆ. ಮದ್ದಿಗೆ ಮೊದಲು ಕಲೆ ಎಷ್ಟನೆಯ ಮೆಟ್ಟಿಲಿನಲ್ಲಿತ್ತು, ವೈರಸ್ಸು ಇಲ್ಲವೆಂದು ಕಂಡ ತಾರೀಖು ಯಾವುದು, ಮುಂದೆ ಸ್ಕ್ಯಾನಿಂಗ್ ಬೇಕೆ, ಬೇಕಾದರೆ ಯಾವಾಗ ಎಂಬ ನಾಲ್ಕು ಸಾಲುಗಳನ್ನು ಕನ್ನಡದಲ್ಲಿ ಬರೆದರೆ ಅಂಚೆ ಕಾರ್ಡಿನ ಒಂದು ಮಗ್ಗುಲಿಗೆ ಸಾಕು. ವೈದ್ಯರನ್ನು ಕೇಳಿ ಅವನ್ನು ಬರೆದುಕೊಂಡು, ಮನೆಗೆ ಬಂದು ಅಜ್ಜನಿಗೆ ಓದಿ ಹೇಳುವುದನ್ನು ಒಂಬತ್ತನೆಯ ತರಗತಿಯ ಹುಡುಗಿಯೂ ಮಾಡಬಲ್ಲಳು.