ಕಾಲು ಗಂಟೆಯ ಲೆಕ್ಕ

ಭಾನುವಾರ ಬೆಳಗ್ಗೆ ಏಳಕ್ಕೆ ಮುಂಚೆ ನಮ್ಮ ಮನೆಯವರೆಲ್ಲ ತಾರಸಿ ಹತ್ತುತ್ತೇವೆ. ಮೆಟ್ಟಿಲು ಹತ್ತಲಾಗದ ಅಜ್ಜಿಗೆ ಹಿತ್ತಲ ಬಾಗಿಲಲ್ಲೇ ಕುರ್ಚಿ. ಮಗಳ ಕೈಯಲ್ಲಿ ನೋಟ್‌ಬುಕ್ಕು, ಮಗನ ಕೈಯಲ್ಲಿ ಗಡಿಯಾರ. 15 ನಿಮಿಷ ಯಾರೂ ಫೋನು ಮುಟ್ಟುವಂತಿಲ್ಲ. ಕಣ್ಣಿಗೆ ಬಿದ್ದ ಹಕ್ಕಿ, ಕಿವಿಗೆ ಬಿದ್ದ ಹಕ್ಕಿ, ಎಲ್ಲವನ್ನೂ ಎಣಿಸಿ ಬರೆಯಬೇಕು. ಇದಕ್ಕೆ ಪೆಟ್ರೋಲು ಬೇಡ, ಟಿಕೆಟ್ಟು ಬೇಡ, ಮುಗಿದ ಮೇಲೆ ಗುಡಿಸುವ ಕಸವೂ ಇಲ್ಲ.

ಮೊದಲ ವಾರ ನಮಗೆ ಗೊತ್ತಿದ್ದದ್ದು ನಾಲ್ಕೇ ಹೆಸರು: ಕಾಗೆ, ಪಾರಿವಾಳ, ಗಿಳಿ, ಹದ್ದು. ಉಳಿದವೆಲ್ಲ ಪಟ್ಟಿಯಲ್ಲಿ ‘ಸಣ್ಣ ಹಕ್ಕಿ’. ಆ ಸಣ್ಣ ಹಕ್ಕಿಗಳ ಹೆಸರು ಹೇಳಿಕೊಟ್ಟವರು ಅಜ್ಜಿ. ತಲೆಯ ಮೇಲೆ ಜುಟ್ಟಿದ್ದರೆ ಪಿಕಳಾರ. ದಾಸವಾಳ ಹೂವಿನ ಬುಡಕ್ಕೆ ಕೊಕ್ಕು ತೂರಿಸುವುದು ಸೂರಕ್ಕಿ. ಕಪ್ಪು ಬಿಳುಪು ಮೈಯದು, ಬಾಲ ನಿಗುರಿಸಿಕೊಂಡು ಸಿಳ್ಳೆ ಹಾಕುವುದು ಮಡಿವಾಳ. ಕಣ್ಣಿಗೆ ಪೊರೆ ಬಂದ ಮೇಲೆ ಅಜ್ಜಿ ಹಕ್ಕಿಗಳನ್ನು ಗುರುತಿಸುವುದು ದನಿಯಿಂದ. ಆ ಕಾಲು ಗಂಟೆ ನಮ್ಮ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಕಾಣುವವರು ಇನ್ನೊಬ್ಬರಿಲ್ಲ.

ಒಂದು ದಿನ ಬೇಲಿಯ ಕಡೆಯಿಂದ ‘ಊಪ್ ಊಪ್’ ಎಂದು ಗುಂಡಿಯೊಳಗಿನಿಂದ ಬಂದಂಥ ದನಿ ಕೇಳಿತು. “ಕೆಂಬೂತ ಕಣೇ” ಎಂದರು ಅಜ್ಜಿ. ಮಗಳಿಗೆ ಆಶ್ಚರ್ಯ. ನವಿಲನ್ನು ನೋಡಿ ಕೆಂಬೂತ ಕುಣಿಯಿತಂತೆ ಎಂಬ ಗಾದೆ ಅವಳಿಗೆ ಬಾಯಿಪಾಠ, ಆದರೆ ಕೆಂಬೂತ ಎಂಬುದು ನಿಜವಾಗಿಯೂ ಇದೆಯೆಂದು ತಿಳಿದಿರಲಿಲ್ಲ. ಕಾಗೆಗಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಯಜಮಾನನ ಹಾಗೆ ನೆಲದ ಮೇಲೆ ನಡೆದು ಹೋಯಿತು. ಕೋಗಿಲೆಯ ನೆಂಟನಾದರೂ ಅದು ಇನ್ನೊಬ್ಬರ ಗೂಡಿನಲ್ಲಿ ಮೊಟ್ಟೆ ಇಡುವುದಿಲ್ಲ, ತನ್ನ ಗೂಡು ತಾನೇ ಕಟ್ಟುತ್ತದೆ. ಅವತ್ತು ಸಂಜೆಯೇ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಕಪಾಟಿನಿಂದ ಊಟದ ಮೇಜಿಗೆ ಬಂತು. ಮತ್ತೆ ಕಪಾಟಿಗೆ ಹೋಗಿಲ್ಲ.

ಎಣಿಕೆಗೊಂದು ಶಿಸ್ತು ಇದೆ. ಅದೇ ಕಾಗೆ ಮತ್ತೆ ಬಂದರೆ ಎರಡು ಸಲ ಬರೆಯಬಾರದು. ಗೊತ್ತಿಲ್ಲದ ಹಕ್ಕಿಗೆ ಊಹೆಯ ಹೆಸರು ಕೊಡಬಾರದು. ಎಲ್ಲಕ್ಕಿಂತ ಮುಖ್ಯ, ಅಪರೂಪದ್ದನ್ನಷ್ಟೇ ಆರಿಸಿ ಬರೆಯಬಾರದು. ಮಳೆ ಹನಿಯುತ್ತಿದ್ದ ಒಂದು ಬೆಳಗ್ಗೆ ಆರು ಕಾಗೆ ಬಿಟ್ಟರೆ ಏನೂ ಬರಲಿಲ್ಲ. “ಇವತ್ತಿನದು ಬೇಡಪ್ಪ” ಎಂದು ಮಗ ಮುಖ ಸಣ್ಣ ಮಾಡಿದ. ಬೇಕು ಮಗು. ಕಂಡದ್ದೆಲ್ಲವನ್ನೂ ಬರೆದಾಗ ಮಾತ್ರ ಕಾಣದ್ದೂ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಪಟ್ಟಿಯಲ್ಲಿ ಗುಬ್ಬಚ್ಚಿ ಇಲ್ಲ ಎಂಬುದೂ ಒಂದು ಸುದ್ದಿ.

ಇಂಥ ಪಟ್ಟಿಗಳು ವ್ಯರ್ಥವಾಗುವುದಿಲ್ಲ. ‘ಇ-ಬರ್ಡ್’ ಎಂಬ ಜಾಲತಾಣಕ್ಕೆ ಸಾಮಾನ್ಯ ಜನರು ಹಾಕಿದ ಲೆಕ್ಕಗಳನ್ನು ಆಧರಿಸಿಯೇ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ತಯಾರಾಗುತ್ತದೆ. 2023ರ ವರದಿಗೆ ಸುಮಾರು 30 ಸಾವಿರ ಹಕ್ಕಿವೀಕ್ಷಕರ 3 ಕೋಟಿ ದಾಖಲೆಗಳು ಒದಗಿದವು. 942 ಜಾತಿಗಳ ಹಣೆಬರಹ ಅದರಲ್ಲಿದೆ. ನವಿಲು, ಕೋಗಿಲೆ ಹೆಚ್ಚುತ್ತಿವೆ ಎಂದು ತಿಳಿದದ್ದು ಹೀಗೆ. ಗುಬ್ಬಚ್ಚಿ ದೇಶದಲ್ಲಿ ಒಟ್ಟಾರೆ ಅಳಿದಿಲ್ಲ, ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ ಎಂದು 2020ರ ವರದಿ ಹೇಳಿದ್ದೂ ಇಂಥದೇ ಎಣಿಕೆಗಳಿಂದ. ವಿಜ್ಞಾನಿಗಳು ಪ್ರತಿ ಬೀದಿಗೂ ಬರಲಾರರು. ನಮ್ಮ ಬೀದಿಯಲ್ಲಿ ನಾವಿದ್ದೇವಲ್ಲ.

1998ರಲ್ಲಿ ಅಮೆರಿಕದಲ್ಲಿ ಶುರುವಾದ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಈಗ ಜಗತ್ತಿನಾದ್ಯಂತ, ನಮ್ಮಲ್ಲೂ, ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುತ್ತದೆ. ಅಲ್ಲಿ ಕೇಳುವುದೂ ಕನಿಷ್ಠ 15 ನಿಮಿಷವನ್ನೇ. ಆದರೆ ಫೆಬ್ರವರಿಯವರೆಗೆ ಕಾಯಬೇಡಿ. ಈ ಭಾನುವಾರವೇ ಮಕ್ಕಳನ್ನು ಎಬ್ಬಿಸಿ, ಕಾಗೆಯಿಂದಲೇ ಎಣಿಸಲು ತೊಡಗಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರ ಕುರ್ಚಿಯನ್ನು ಮೊದಲು ಹಾಕಿ.