ಪ್ರಾಯದ ಮಕ್ಕಳಿಗೆ ಬೇರೆ ಕೋಣೆ

ಸಮುದ್ರವನ್ನು ದಾಟಬಹುದೆ, ದಾಟಕೂಡದೆ ಎಂಬುದು ನಮ್ಮ ಹಿರಿಯರ ಕಾಲದಲ್ಲಿ ದೊಡ್ಡ ಧರ್ಮಪ್ರಶ್ನೆಯಾಗಿತ್ತು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕರ್ಮಗಳಲ್ಲಿ ಎಣಿಸಿದೆ. ಕಲಿವರ್ಜ್ಯಗಳನ್ನು ವಿವರಿಸಿದ ನಿಬಂಧಕಾರರೂ ಅದನ್ನು ಬಿಟ್ಟಿಲ್ಲ. ಆದರೂ 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿಬಂದರು. 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಯೂರೋಪು ಖಂಡದಲ್ಲಿ ಪ್ರವಾಸ ಮಾಡಿದರು. ಇಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಸಾಮಾನ್ಯ ಗೃಹಸ್ಥರೂ ಮಕ್ಕಳ ರಜದಲ್ಲಿ ವಿಹಾರದ ಹಡಗನ್ನೇರುವ ಮಾತನಾಡುತ್ತಾರೆ. 2021ರಲ್ಲಿ ಕಾರ್ಡೇಲಿಯಾ ಸಂಸ್ಥೆಯ ಹಡಗು ಮುಂಬಯಿಯಿಂದ ಇಂತಹ ಸಂಚಾರವನ್ನು ಆರಂಭಿಸಿದ ಮೇಲೆ ಈ ಮಾತು ಇನ್ನಷ್ಟು ಹೆಚ್ಚಿದೆ. ಸಿಂಗಪುರಕ್ಕೆ ಹೋಗಿ ಅಲ್ಲಿಂದ ಹಡಗು ಹತ್ತುವವರೂ ಉಂಟು. ಅಮೆರಿಕದಲ್ಲಿ ನೆಲಸಿರುವ ಮಕ್ಕಳು ಇಲ್ಲಿನ ಅಜ್ಜಿ ತಾತಂದಿರನ್ನು ಕರೆಸಿಕೊಂಡು ಸಂಸಾರಸಮೇತ ಹೊರಡುವುದೂ ಉಂಟು. ಪ್ರಾಯಶ್ಚಿತ್ತದ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಸಮುದ್ರದ ಪ್ರಶ್ನೆ ತೀರಿತು. ಹಡಗಿನ ಒಳಗಣ ಪ್ರಶ್ನೆಯೊಂದು ಉಳಿದಿದೆ. ಪ್ರಾಯಕ್ಕೆ ಬರುತ್ತಿರುವ ಮಕ್ಕಳಿಗೆ ಅಲ್ಲಿ ಬೇರೆ ಕೋಣೆಯನ್ನು ಕೊಡಬಹುದೆ, ಕೊಡಬಾರದೆ?

ಪ್ರಶ್ನೆಯ ಸ್ವರೂಪವನ್ನು ಮೊದಲು ತಿಳಿಸುತ್ತೇನೆ. ಹಡಗಿನ ಸಾಮಾನ್ಯ ಕೋಣೆ ನಮ್ಮ ಮನೆಗಳ ಚಿಕ್ಕ ಕೊಠಡಿಯಷ್ಟೇ ಇರುತ್ತದೆ. ಕೆಳಗೆ ಎರಡು ಹಾಸಿಗೆಗಳು. ನಾಲ್ವರಿಗೆಂದು ಏರ್ಪಡಿಸಿದ ಕೋಣೆಯಾದರೆ, ರೈಲುಗಾಡಿಯ ಮೇಲಿನ ಬರ್ತಿನ ಹಾಗೆ, ರಾತ್ರಿ ಇಳಿಸಿಕೊಳ್ಳುವ ಇನ್ನೆರಡು ಹಾಸಿಗೆಗಳು. ದರವನ್ನು ಕೋಣೆಗೆ ಇಬ್ಬರಂತೆ ಲೆಕ್ಕಹಾಕುವುದು ವಾಡಿಕೆ. ಅದೇ ಕೋಣೆಯಲ್ಲಿರುವ ಮೂರನೆಯವರಿಗೂ ನಾಲ್ಕನೆಯವರಿಗೂ ಸಾಮಾನ್ಯವಾಗಿ ದರ ಇಳಿಯುತ್ತದೆ. ತಂದೆ, ತಾಯಿ, ಹದಿನೇಳರ ಮಗಳು, ಹದಿನಾಲ್ಕರ ಮಗ, ಇಷ್ಟು ಮಂದಿಯ ಸಂಸಾರವೊಂದು ಹೊರಟಿತೆಂದು ಭಾವಿಸೋಣ. ನಾಲ್ವರೂ ಒಂದೇ ಕೋಣೆಯಲ್ಲಿ ಇರತಕ್ಕದ್ದೆ? ಮಕ್ಕಳಿಬ್ಬರನ್ನೂ ಪಕ್ಕದ ಕೋಣೆಯಲ್ಲಿ ಇರಿಸಬಹುದೆ? ತಾಯಿ ಮಗಳು ಒಂದು ಕಡೆ, ತಂದೆ ಮಗ ಇನ್ನೊಂದು ಕಡೆ ಎಂದು ಹಂಚಿಕೊಳ್ಳಬೇಕೆ? ಅಜ್ಜಿಯೂ ಜೊತೆಯಲ್ಲಿ ಬಂದರೆ ಆಕೆ ಯಾರೊಡನೆ?

ನಾಲ್ಕು ರಾತ್ರಿಯ ಈ ವಿಚಾರವನ್ನು ಪ್ರಯಾಣದ ಏಜೆಂಟನೇ ತೀರ್ಮಾನಿಸಲಿ ಎಂದು ಕೆಲವರು ನಗಬಹುದು. ಆದರೆ ಇದು ನಾಲ್ಕು ರಾತ್ರಿಯ ಪ್ರಶ್ನೆಯಲ್ಲ. ರಾಜಾಜಿಯವರು ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ ಅವರ ಹೆಸರನ್ನು ಹೊತ್ತು ಹುಟ್ಟಿದ ನಮ್ಮ ಬಡಾವಣೆಯ ಹಳೆಯ ಮನೆಗಳನ್ನು ಕಂಡವರು ಬಲ್ಲರು: ಒಂದು ನಡುಮನೆ, ಒಂದು ಅಡುಗೆಯ ಮನೆ, ಹೆಚ್ಚೆಂದರೆ ಒಂದು ಕೊಠಡಿ. ರಾತ್ರಿಯಾದರೆ ನಡುಮನೆಯಲ್ಲಿ ಚಾಪೆಗಳ ಸಾಲು. ಅಲ್ಲಿ ಯಾರಿಗೂ ತನ್ನದೆಂಬ ಬಾಗಿಲಿರಲಿಲ್ಲ. ಆದುದರಿಂದ ಬಾಗಿಲನ್ನು ಕೊಡುವ ಬಿಡುವ ಪ್ರಶ್ನೆಯೂ ಇರಲಿಲ್ಲ. ಇಂದು ಅದೇ ಮೂವತ್ತು ನಲವತ್ತರ ನಿವೇಶನಗಳಲ್ಲಿ ಮೂರು ಅಂತಸ್ತುಗಳೆದ್ದಿವೆ. ಮಕ್ಕಳಿಗೆ ಕೋಣೆ ಬಂದಿದೆ, ಕೋಣೆಗೆ ಚಿಲಕ ಬಂದಿದೆ. ಆ ಚಿಲಕ ಯಾರ ವಶದಲ್ಲಿರಬೇಕು ಎಂಬುದನ್ನು ನಾವು ಇನ್ನೂ ಯೋಚಿಸಿಲ್ಲ. ಮನೆಯಲ್ಲಿ ವರ್ಷಗಟ್ಟಲೆ ಹಾಗೆಯೇ ಸಾಗಿಹೋಗುವ ಈ ಪ್ರಶ್ನೆ, ಹಡಗಿನಲ್ಲಿ ಮುಂಗಡದ ಹಣ ಕಟ್ಟುವ ದಿನ ಉತ್ತರವನ್ನು ಕೇಳುತ್ತದೆ.

ಕೂಡದು ಎನ್ನುವವರ ಪಕ್ಷವನ್ನು ಮೊದಲು ನೋಡೋಣ. ಮಕ್ಕಳು ತಂದೆತಾಯಿಗಳ ಕಣ್ಣಳತೆಯಲ್ಲಿರುವುದೇ ನಮ್ಮ ಸಂಪ್ರದಾಯ. ಬೇರೆ ಬಾಗಿಲೆಂಬುದು ಪರದೇಶದ ರೂಢಿ. ಅಪರಿಚಿತರು ಸಾವಿರಗಟ್ಟಲೆ ಇರುವಲ್ಲಿ, ಮದ್ಯ ಮಾರುವಲ್ಲಿ, ನಡುರಾತ್ರಿಯವರೆಗೂ ಸಂಗೀತವಿರುವಲ್ಲಿ ಅದು ಅಪಾಯ ಎಂದು ಅವರು ಹೇಳುತ್ತಾರೆ. ಇದರಲ್ಲಿ ಅಪಾಯದ ಮಾತು ಯೋಗ್ಯವಾದುದು; ಅದನ್ನು ಮುಂದೆ ವಿಚಾರಿಸುತ್ತೇನೆ. ಸಂಪ್ರದಾಯದ ಮಾತು ಮಾತ್ರ ನಿಲ್ಲುವುದಿಲ್ಲ. ಎಂಟನೆಯ ವರ್ಷದಲ್ಲಿ ಉಪನಯನ ಮಾಡಿ ವಟುವನ್ನು ಗುರುವಿನ ಮನೆಗೆ ಕಳುಹಿಸಿದುದು ಯಾರ ಸಂಪ್ರದಾಯ? ವಾರಾನ್ನದಲ್ಲಿ ಓದಿದ ಹುಡುಗರು ದಿನಕ್ಕೊಂದು ಮನೆಯಲ್ಲಿ ಉಂಡು, ಯಾವುದೋ ಛತ್ರದ ಜಗಲಿಯಲ್ಲಿ ಮಲಗಿ ಬೆಳೆದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಇಂದಿಗೂ ಸಾವಿರಾರು ಮಕ್ಕಳು ತಂದೆತಾಯಿಗಳಿಂದ ದೂರವಿದ್ದು ಓದುತ್ತಿದ್ದಾರೆ. ಮಗುವನ್ನು ಕಣ್ಣಿನಿಂದ ದೂರ ಕಳುಹಿಸಲು ನಮ್ಮ ಹಿರಿಯರು ಅಂಜಿದವರಲ್ಲ. ಯಾರ ಹೊಣೆಯಲ್ಲಿ, ಯಾವ ನಿಯಮದಲ್ಲಿ ಎಂದು ಮಾತ್ರ ವಿಚಾರಿಸಿದರು. ಅಷ್ಟೇಕೆ, 2021ರಲ್ಲಿ ಕೆಂಗೇರಿಯವರೆಗೆ ಮೆಟ್ರೋ ರೈಲು ಬಂದ ಮೇಲೆ ಅಲ್ಲಿನ ಹದಿನೇಳರ ಹುಡುಗಿ ಒಬ್ಬಳೇ ನಗರದ ಕಾಲೇಜಿಗೆ ಹೋಗಿ ಸಂಜೆ ಬರುತ್ತಾಳೆ. ಆ ಜನಸಂದಣಿಯಲ್ಲಿ ಅವಳನ್ನು ನಂಬಿದ ತಂದೆ, ತನ್ನ ಕೋಣೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಂಬಲಾರೆನೆಂದರೆ ಅವನ ಮಾತು ಪೂರ್ವಾಪರವಿರುದ್ಧವಾಗುತ್ತದೆ.

ಇನ್ನು ಸುಲಭವಾಗಿ ಕೊಟ್ಟುಬಿಡುವವರ ಪಕ್ಷ. ಕಾಲ ಬದಲಾಗಿದೆ, ಮಕ್ಕಳು ಸ್ವತಂತ್ರರಾಗಲಿ ಎಂದು ಅವರು ಹೇಳುತ್ತಾರೆ. ಮಗ ಹದಿನಾರಕ್ಕೆ ಬಂದರೆ ಅವನನ್ನು ಸ್ನೇಹಿತನಂತೆ ಕಾಣಬೇಕೆಂಬ ನೀತಿಯ ಬೆಂಬಲವೂ ಅವರಿಗುಂಟು. ಆದರೆ ಸ್ನೇಹಿತನಂತೆ ಕಾಣುವುದು ಬೇರೆ, ಕೈಬಿಡುವುದು ಬೇರೆ. ಮಕ್ಕಳ ಗಲಾಟೆಯಿಂದ ನಮಗೆ ಬಿಡುವು ಬೇಕಾಗಿರುತ್ತದೆ. ಅದಕ್ಕೆ ಮಕ್ಕಳ ಸ್ವಾತಂತ್ರ್ಯವೆಂದು ಹೆಸರಿಡುತ್ತೇವೆ. ಹುಡುಗ ರಾತ್ರಿ ಎಷ್ಟು ಹೊತ್ತಿಗೆ ಕೋಣೆಗೆ ಬಂದನು, ಬೆಳಗ್ಗೆ ಏನನ್ನು ಉಂಡನು ಎಂಬುದನ್ನು ಕೇಳದ ತಂದೆ ಅವನನ್ನು ನಂಬಿದವನಲ್ಲ, ಮರೆತವನು.

ಎರಡು ಪಕ್ಷಗಳಲ್ಲಿಯೂ ಇರುವ ದೋಷ ಒಂದೇ. ಆಡುವ ಕಾರಣ ಒಂದು, ಒಳಗಿರುವ ಕಾರಣ ಇನ್ನೊಂದು. ಎರಡನೆಯ ಕೋಣೆಯ ಹಣ ಹೆಚ್ಚಾಯಿತೆಂದು ಹೇಳಲು ಸಂಕೋಚಪಟ್ಟು, ನಮ್ಮ ಮನೆತನದಲ್ಲಿ ಇದೆಲ್ಲ ಇಲ್ಲವೆನ್ನುವವರುಂಟು. ಜಿಪುಣತನವನ್ನು ಧರ್ಮವೆಂದು ಕರೆಯುವುದು ಜಿಪುಣತನಕ್ಕಿಂತ ಕೆಟ್ಟದ್ದು. ಆದುದರಿಂದ ಈ ವಿಷಯದಲ್ಲಿ ನನಗೆ ತೋರುವ ಒರೆಗಲ್ಲು ಇದು: ಕೋಣೆಯನ್ನು ಕೊಡುವುದಕ್ಕಾಗಲಿ ಕೊಡದಿರುವುದಕ್ಕಾಗಲಿ ನಮ್ಮ ಮನಸ್ಸಿನಲ್ಲಿರುವ ನಿಜವಾದ ಕಾರಣವನ್ನು, ಆ ಮಗುವಿನ ಮುಖ ನೋಡುತ್ತ, ಬಾಯಿಬಿಟ್ಟು ಹೇಳಬಲ್ಲೆವೆ? ಹೇಳಬಲ್ಲೆವಾದರೆ ನಮ್ಮ ತೀರ್ಮಾನ ತಪ್ಪಾದರೂ ಅಧರ್ಮವಾಗಲಾರದು. ಹೇಳಲಾರೆವಾದರೆ ತೀರ್ಮಾನ ಸರಿಯಾಗಿದ್ದರೂ ಅದರ ಬೇರು ಕೊಳೆತಿದೆಯೆಂದೇ ತಿಳಿಯಬೇಕು.

ಕೆಲವು ಕಾರಣಗಳನ್ನು ಮಕ್ಕಳೆದುರಿಗೆ ಹೇಳದಿರುವುದೇ ಸೌಜನ್ಯವಲ್ಲವೆ ಎಂದು ಇಲ್ಲಿ ಆಕ್ಷೇಪಿಸಬಹುದು. ಐದು ವರ್ಷದ ಮಗುವಿನ ವಿಷಯದಲ್ಲಿ ಈ ಮಾತು ನಿಜ. ಹದಿನೇಳರ ಮಗಳಿಗೆ ನಾವು ಹೇಳದೆ ಬಿಟ್ಟದ್ದು ಗೊತ್ತಾಗದೆ ಹೋಗುವುದಿಲ್ಲ. ಅದರ ಅತ್ಯಂತ ಕ್ರೂರವಾದ ರೂಪದಲ್ಲಿ ಗೊತ್ತಾಗುತ್ತದೆ. 'ಹೊಸ ಜಾಗ, ನಡುರಾತ್ರಿ ಯಾರಾದರೂ ಬಾಗಿಲು ತಟ್ಟಿದರೆ ಏನು ಮಾಡಬೇಕೆಂದು ನಿನಗೆ ತಿಳಿಯದೆಂಬ ಹೆದರಿಕೆ ನನಗಿದೆಯಮ್ಮ' ಎಂದರೆ ಮಗಳು ಅದಕ್ಕೆ ಉತ್ತರ ಕೊಡಬಲ್ಲಳು. ಸುಮ್ಮನಿದ್ದು ಕೋಣೆಯನ್ನು ನಿರಾಕರಿಸಿದರೆ, ತನ್ನ ನಡತೆಯ ಮೇಲೆ ಅಪ್ಪನಿಗೆ ಸಂಶಯವಿದೆಯೆಂದು ಅವಳು ಅರ್ಥಮಾಡಿಕೊಳ್ಳುತ್ತಾಳೆ. ಆ ಅರ್ಥ ಹಡಗಿನಿಂದಿಳಿದ ಮೇಲೂ ಅವಳ ಮನಸ್ಸಿನಲ್ಲಿ ಉಳಿಯುತ್ತದೆ.

ಹೆಣ್ಣುಮಕ್ಕಳ ಮಾತು ಬಂದುದರಿಂದ ಅದನ್ನು ಸ್ಪಷ್ಟವಾಗಿಯೇ ಹೇಳಬೇಕು. ಮಗನಿಗೆ ಬೇರೆ ಕೋಣೆ, ಮಗಳಿಗೆ ತಾಯಿಯ ಪಕ್ಕದ ಹಾಸಿಗೆ ಎಂಬ ಏರ್ಪಾಡು ನಮ್ಮ ವಿದ್ಯಾವಂತ ಸಂಸಾರಗಳಲ್ಲಿಯೂ ಸಹಜವೆಂಬಂತೆ ನಡೆಯುತ್ತದೆ. ಅವನು ಹದಿನಾಲ್ಕರವನು, ಇವಳು ಹದಿನೇಳರವಳು. ಅವನು ಬೀಗದ ಕಾರ್ಡನ್ನು ಎರಡು ಸಲ ಕಳೆಯುವವನು, ಇವಳು ಅಜ್ಜಿಯ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಡುವವಳು. ಆದರೂ ನಂಬಿಕೆ ಅವನಿಗೆ, ಕಾವಲು ಇವಳಿಗೆ. ಇದರ ಕಾರಣವನ್ನು ಇಬ್ಬರೂ ಕೇಳುವಂತೆ ಹೇಳಲು ಯಾವ ತಂದೆಗೆ ಬಾಯಿ ಬಂದೀತು? ಲೋಕದಲ್ಲಿ ಹೆಣ್ಣಿಗೆ ಅಪಾಯ ಹೆಚ್ಚೆಂಬುದು ಸುಳ್ಳಲ್ಲ. ಆದರೆ ಅಪಾಯ ಹೆಚ್ಚಿದ್ದರೆ ಎಚ್ಚರಿಕೆ ಹೆಚ್ಚಬೇಕೇ ಹೊರತು ಮರ್ಯಾದೆ ಕಡಮೆಯಾಗಬಾರದು. ಇನ್ನೊಂದು ವಿಚಾರ. ಹುಟ್ಟಿದಂದಿನಿಂದ ಲಜ್ಜೆಯನ್ನು ನಾವೇ ಕಲಿಸುತ್ತೇವೆ. ಕಲಿತ ಲಜ್ಜೆಗೆ ಉಡಲು ತೊಡಲು ಒಂದು ಮರೆಯನ್ನು ಕೊಡದೆ, ತಂದೆ ತಮ್ಮಂದಿರೊಡನೆ ಒಂದೇ ಚಿಕ್ಕ ಕೋಣೆಯಲ್ಲಿ ನಾಲ್ಕು ದಿನ ಇರಿಸುತ್ತೇವೆ. ಇದು ನ್ಯಾಯವೆ? ತಾಯಿ ಮಗಳು ಒಂದೇ ಕೋಣೆಯಲ್ಲಿದ್ದರೆ ಅವಳಿಗೆ ಹಿತವೆಂದು ಕಂಡರೆ ಹಾಗೆಯೇ ಆಗಲಿ. ಆದರೆ ಅವಳನ್ನು ಕೇಳಿ ಆಗಲಿ.

ಅಜ್ಜಿಯ ವಿಷಯವೂ ಇದಕ್ಕೆ ಸೇರಿದುದೇ. ಮೊಮ್ಮಕ್ಕಳ ಕೋಣೆಯಲ್ಲಿ ಅಜ್ಜಿ ಮಲಗುವುದು ಎರಡು ಕಡೆಗೂ ಸಂತೋಷವಾಗಿದ್ದರೆ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಆದರೆ ಆಕೆಯನ್ನು ಸಂಬಳವಿಲ್ಲದ ಕಾವಲುಗಾರಳಾಗಿ ಅಲ್ಲಿ ಕೂರಿಸಿ, ಬೆಳಗ್ಗೆ ಗುಟ್ಟಾಗಿ ವರದಿ ಕೇಳುವುದು ಹಿರಿಯಳಿಗೂ ಅವಮಾನ, ಕಿರಿಯರಿಗೂ ಅವಮಾನ.

ಇಲ್ಲಿ ಸತ್ಯದ ಪ್ರಶ್ನೆಯೊಂದು ಹುಟ್ಟುತ್ತದೆ. ಅಪ್ರಾಪ್ತವಯಸ್ಕರು ತಾವೇ ಒಂದು ಕೋಣೆಯಲ್ಲಿರಲು ಹಡಗಿನ ಸಂಸ್ಥೆಗಳು ಸುಮ್ಮನೆ ಒಪ್ಪುವುದಿಲ್ಲ. ಅಮೆರಿಕದಿಂದ ಹೊರಡುವ ರಾಯಲ್ ಕೆರಿಬಿಯನ್ ಸಂಸ್ಥೆಯ ಹಡಗುಗಳಲ್ಲಿ 21 ತುಂಬಿದವರೊಬ್ಬರು ಪ್ರತಿ ಕೋಣೆಯಲ್ಲೂ ಇರಬೇಕೆಂಬುದು ನಿಯಮ. ತಂದೆತಾಯಿಗಳು ಪಕ್ಕದ ಕೋಣೆಯಲ್ಲಿದ್ದರೆ ಆ ನಿಯಮ ಸಡಿಲವಾಗುತ್ತದೆ. ನಡುವೆ ಒಳಬಾಗಿಲಿರುವ ಜೋಡಿ ಕೋಣೆಗಳೂ ಅನೇಕ ಹಡಗುಗಳಲ್ಲುಂಟು. ಆದರೆ ಕೆಲವರು ಕಾಗದದಲ್ಲಿ ತಾಯಿ ಮಗಳಿಗೆ ಒಂದು, ತಂದೆ ಮಗನಿಗೆ ಒಂದು ಎಂದು ಬರೆಯಿಸಿ, ಹಡಗು ಹತ್ತಿದ ಮೇಲೆ ಮಕ್ಕಳನ್ನೆಲ್ಲ ಒಂದು ಕಡೆಗೆ ಸೇರಿಸುತ್ತಾರೆ. ಸಿಬ್ಬಂದಿಗೆ ತಿಳಿಸಿ, ಅವರ ಒಪ್ಪಿಗೆಯಿಂದ ಮಾಡಿದರೆ ದೋಷವಿಲ್ಲ. ಬಚ್ಚಿಟ್ಟು ಮಾಡಿದರೆ, ಮಕ್ಕಳಿಗೆ ಸ್ವತಂತ್ರವಾದ ಕೋಣೆಯನ್ನು ಕೊಡುವ ಗಳಿಗೆಯಲ್ಲಿಯೇ ಸುಳ್ಳು ಬರೆಯುವುದನ್ನೂ ಕಲಿಸಿದಂತಾಯಿತು. ಅಂಥ ಮಗ ನಾಳೆ ರಾತ್ರಿ ಹತ್ತಕ್ಕೆ ಬಂದೆನೆಂದು ಹೇಳಿ ಒಂದಕ್ಕೆ ಬಂದರೆ ತಂದೆ ಯಾವ ಮುಖದಿಂದ ಗದರಿಸಬೇಕು?

ಅಪಾಯದ ಮಾತನ್ನು ಈಗ ವಿಚಾರಿಸೋಣ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಎಂಬ ವಿಹಾರನೌಕೆ ಬಂಡೆಗೆ ತಾಕಿ ಒರಗಿ, 32 ಮಂದಿ ಮೃತರಾದರು. ಅಂದು ಹಡಗು ಹತ್ತಿದ ನೂರಾರು ಮಂದಿಗೆ ಆಪತ್ಕಾಲದ ಅಭ್ಯಾಸ ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೆ ಈ ಅಭ್ಯಾಸ ನಡೆಯತಕ್ಕದ್ದೆಂಬ ಅಂತರರಾಷ್ಟ್ರೀಯ ನಿಯಮ 2015ರಲ್ಲಿ ಜಾರಿಗೆ ಬಂದಿತು. ಆಪತ್ತಿನಲ್ಲಿ ಸೇರಬೇಕಾದ ಸ್ಥಳವನ್ನು ಸಾಮಾನ್ಯವಾಗಿ ಕೋಣೆಯನ್ನು ನೋಡಿ ಗೊತ್ತುಮಾಡಿರುತ್ತಾರೆ. ಮಕ್ಕಳ ಕೋಣೆ ದೂರವಿದ್ದರೆ ಅವರ ಸ್ಥಳವೂ ಬೇರೆಯಾಗಬಹುದು. ತಂದೆತಾಯಿಗಳು ಮೊದಲ ದಿನವೇ ಎರಡು ಸ್ಥಳಗಳನ್ನೂ ಮಕ್ಕಳೊಡನೆ ನಡೆದು ನೋಡಿ, ಗಂಟೆ ಬಾರಿಸಿದರೆ ಯಾರು ಎಲ್ಲಿಗೆ ಹೋಗಬೇಕೆಂದು ಮಾತಾಡಿಕೊಳ್ಳಬೇಕು. ನಡುಗಡಲಲ್ಲಿ ಕೈಫೋನಿಗೆ ನೆಲದ ಸಂಕೇತ ಸಿಕ್ಕದು. ಕೋಣೆಯಿಂದ ಕೋಣೆಗೆ ಮಾತನಾಡುವ ಫೋನನ್ನು ಅಭ್ಯಾಸ ಮಾಡಿಸಬೇಕು. ಬಾಗಿಲು ತೆರೆಯುವ ಕಾರ್ಡೇ ಹಡಗಿನಲ್ಲಿ ಹಣದ ಚೀಲವೂ ಆಗಿರುತ್ತದೆ. ಅದರಿಂದ ಎಷ್ಟು ಖರ್ಚುಮಾಡಬಹುದೆಂದು ಮೊದಲೇ ಗೊತ್ತುಮಾಡಬೇಕು. ಇವೆಲ್ಲವೂ ಮಕ್ಕಳೆದುರಿಗೆ ಧಾರಾಳವಾಗಿ ಹೇಳಬಹುದಾದ ಕಾರಣಗಳು. ಆದುದರಿಂದಲೇ ಇವು ನಿಯಮಗಳಾಗಲು ಯೋಗ್ಯವಾದವು.

ನಿಯಮ ಒಂದೇ ಕಡೆಗೆ ಇರಕೂಡದು. ಮಕ್ಕಳು ರಾತ್ರಿ ಒಪ್ಪಿದ ಹೊತ್ತಿಗೆ ಬಂದು ಅಪ್ಪ ಅಮ್ಮಂದಿರ ಬಾಗಿಲು ತಟ್ಟಿ ಬಂದೆವೆಂದು ಹೇಳಬೇಕು. ಅಪರಿಚಿತರನ್ನು ಕೋಣೆಯೊಳಕ್ಕೆ ಕರೆಯಕೂಡದು. ತಮ್ಮನನ್ನು ಬಿಟ್ಟು ಅಕ್ಕನೂ, ಅಕ್ಕನಿಗೆ ಹೇಳದೆ ತಮ್ಮನೂ ಹೊರಗೆ ಹೋಗಕೂಡದು. ತಂದೆತಾಯಿಗಳಾದರೋ ಮಕ್ಕಳ ಬಾಗಿಲನ್ನು ತಟ್ಟದೆ ಒಳಕ್ಕೆ ಬರಕೂಡದು. ಇನ್ನೊಂದು ಕಾರ್ಡು ತಮ್ಮ ಕೈಯಲ್ಲಿದ್ದರೆ ಅದು ಇದೆಯೆಂದು ಮಕ್ಕಳಿಗೆ ತಿಳಿಸಿರಬೇಕು. ಅವರಿಲ್ಲದ ವೇಳೆಯಲ್ಲಿ ಪೆಟ್ಟಿಗೆ ಶೋಧಿಸಕೂಡದು. ಮೊದಲ ಪಟ್ಟಿಯನ್ನು ಹೇಳಿಕೊಡಲು ಎಲ್ಲರಿಗೂ ಬರುತ್ತದೆ. ಎರಡನೆಯದನ್ನು ಪಾಲಿಸುವುದು ಕಷ್ಟ. ಅದನ್ನು ಪಾಲಿಸಲಾರದವರು ಬೇರೆ ಕೋಣೆಯನ್ನು ಕೊಡದಿರುವುದೇ ಮೇಲು, ಏಕೆಂದರೆ ಅವರು ಕೊಡುವುದು ಕೋಣೆಯನ್ನಲ್ಲ, ಕೋಣೆಯ ವೇಷದಲ್ಲಿರುವ ಪರೀಕ್ಷೆಯನ್ನು.

ಕೈಯಲ್ಲಿ ಹಣ ಸಾಲದಿದ್ದರೆ ಸಾಲದೆಂದು ಮಕ್ಕಳಿಗೆ ಹೇಳಿ, ನಾಲ್ವರೂ ಒಂದೇ ಕೋಣೆಯಲ್ಲಿ ಸಂತೋಷವಾಗಿ ಹೋಗಿಬರಬಹುದು. ಚಾಪೆಗಳ ಸಾಲಿನಲ್ಲಿ ಮಲಗಿ ಬೆಳೆದವರೂ ಮರ್ಯಾದೆಯಿಂದಲೇ ಬೆಳೆದರು. ಬೇರೆ ಕೋಣೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಆದರೆ ಒಂದೆರಡು ವರ್ಷಗಳಲ್ಲಿ ಆ ಮಗಳು ಓದಿಗಾಗಿ ಯಾವುದೋ ಊರಿನ ಹಾಸ್ಟೆಲಿಗೆ ಹೋಗುತ್ತಾಳೆ. ಮಗನೂ ಅವಳ ಹಿಂದೆಯೇ ಹೋಗುತ್ತಾನೆ. ಅಲ್ಲಿ ಪಕ್ಕದ ಕೋಣೆಯಲ್ಲಿ ನಾವಿರುವುದಿಲ್ಲ. ಅದಕ್ಕೆ ಮೊದಲು, ನಾವು ಹತ್ತು ಹೆಜ್ಜೆಯ ದೂರದಲ್ಲಿದ್ದಾಗಲೇ, ತನ್ನ ಬಾಗಿಲಿನ ಹೊಣೆಯನ್ನು ಹೊರಲು ಅವರಿಗೆ ನಾಲ್ಕು ರಾತ್ರಿ ಅವಕಾಶ ದೊರೆತರೆ ಅದು ನಷ್ಟವೆಂದು ನನಗೆ ತೋರುವುದಿಲ್ಲ. ಭಿನ್ನಾಭಿಪ್ರಾಯವುಳ್ಳ ಮಹಾಶಯರು, ಅದರಲ್ಲಿಯೂ ಮನೆಯಲ್ಲಿ ಈ ವಯಸ್ಸಿನ ಮಕ್ಕಳಿರುವ ತಾಯಂದಿರು, ತಮ್ಮ ವಿಚಾರವನ್ನು ಈ ಪತ್ರಿಕೆಗೆ ಬರೆದು ತಿಳಿಸಿದರೆ ಎಲ್ಲರಿಗೂ ಉಪಕಾರವಾದೀತು.